ಏಳು ತಿಂಗಳಿಗೆ ಹುಟ್ಟಿದವರಿಗೆ ಇಲ್ಲದ ಅವಸರ

ಯಾರಾದರೂ ಗಡಿಬಿಡಿ ಮಾಡಿದರೆ ನಮ್ಮ ಕಡೆ ಒಂದು ಮಾತಿದೆ. 'ಏನಲೇ, ಏಳ್ ತಿಂಗಳಿಗೆ ಹುಟ್ಟೀಯೇನು?' ಬಸ್ಸು ನಿಲ್ಲುವ ಮೊದಲೇ ಇಳಿಯಲು ಹೋದವನಿಗೆ, ರೊಟ್ಟಿ ಬೇಯುವ ಮೊದಲೇ ತಾಟು ಹಿಡಿದು ಕೂತವನಿಗೆ ಈ ಮಾತು ಬೀಳುತ್ತದೆ. ಹೊಟ್ಟೆಯಲ್ಲಿರಲೂ ತಾಳ್ಮೆ ಇಲ್ಲದೆ ಹೊರಗೆ ಬಂದವನು ಅನ್ನುವ ಲೆಕ್ಕ.

ನನ್ನ ಅಕ್ಕನ ಮಗ ನಿಜಕ್ಕೂ ಏಳು ತಿಂಗಳಿಗೆ ಹುಟ್ಟಿದವನು. ಅವನಷ್ಟು ಅವಸರ ಇಲ್ಲದ ಮನುಷ್ಯನನ್ನು ನಾನು ಕಂಡಿಲ್ಲ. ಈಗ 26 ವರ್ಷ. ಬಾಗಲಕೋಟೆಯ ನವನಗರದಲ್ಲಿ ಮನೆ, ಲೆಕ್ಕ ಬರೆಯುವ ಕೆಲಸ. ಹೋದ ವರ್ಷ ಮನೆಯಲ್ಲಿ ಕನ್ಯಾ ನೋಡಲು ಶುರು ಮಾಡಿದರು. ಮೂರು ಕಡೆ ಹೋಗಿ ಬಂದರು. ಮೂರೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಉತ್ತರ ಬಂತು. 'ಹುಡುಗ ಛಲೋ ಅದಾನ್ರಿ, ಆದ್ರ ಮಾತೇ ಆಡಂಗಿಲ್ಲಲ್ರಿ.' ಮೂರನೇ ಸಲ ನಮ್ಮ ದೊಡ್ಡವ್ವ ತೀರ್ಪು ಕೊಟ್ಟಳು. 'ಏಳ್ ತಿಂಗಳ ಕೂಸು ಅಂವ. ಗಾಜಿನ ಪೆಟಿಗ್ಯಾಗ ಇಟ್ಟು ಉಳಿಸಿದ್ದು. ಅದಕ್ಕ ಹಂಗ.'

ಅಕ್ಕನ ಕಣ್ಣಲ್ಲಿ ನೀರು ಬಂತು. ಇದೆಲ್ಲ ಮೂಢನಂಬಿಕೆ ಅಂತ ನಾನು ದೊಡ್ಡವ್ವನ ಜೊತೆ ಜಗಳ ತೆಗೆದೆ. ಆಮೇಲೆ ಈ ವಿಷಯ ಓದಲು ಕೂತೆ. ಓದಿದಷ್ಟೂ ಗೊತ್ತಾಯಿತು, ದೊಡ್ಡವ್ವ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು.

ಮೊದಲು ತಿಂಗಳ ಲೆಕ್ಕ ಸರಿಮಾಡಿಕೊಳ್ಳೋಣ. ಮನೆಯಲ್ಲಿ ನಾವು ಒಂಬತ್ತು ತಿಂಗಳು ಒಂಬತ್ತು ದಿನ ಅನ್ನುತ್ತೇವೆ. ಡಾಕ್ಟರು ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ ಎಣಿಸುತ್ತಾರೆ. 37 ವಾರ ತುಂಬುವ ಮೊದಲು ಹುಟ್ಟಿದ ಮಗು ಅವಧಿಗೆ ಮುಂಚೆ ಹುಟ್ಟಿದ ಮಗು. 32 ವಾರಕ್ಕಿಂತ ಮೊದಲಾದರೆ ತುಂಬಾ ಬೇಗ. 28ಕ್ಕಿಂತ ಮೊದಲಾದರೆ ಅತಿ ಬೇಗ. ನಾವು 'ಏಳು ತಿಂಗಳು' ಅನ್ನೋದು ಸುಮಾರಾಗಿ 28ರಿಂದ 32 ವಾರದ ನಡುವೆ ಬೀಳುತ್ತದೆ. 'ಏಳಕ್ಕೆ ಹುಟ್ಟಿದರೆ ಉಳೀತದ, ಎಂಟಕ್ಕೆ ಹುಟ್ಟಿದರೆ ಉಳಿಯಂಗಿಲ್ಲ' ಅನ್ನೋದನ್ನು ನೀವೂ ಕೇಳಿರಬೇಕು. ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ವೈದ್ಯರೂ ಇದನ್ನೇ ನಂಬಿದ್ದರು! ಆದರೆ ಅದು ಸುಳ್ಳು. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ.

ಇದು ಅಪರೂಪದ ಸಂಗತಿಯೂ ಅಲ್ಲ. ಜಗತ್ತಿನಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಒಂದು ಅವಧಿಗೆ ಮುಂಚೆ ಹುಟ್ಟುತ್ತದೆ. 2020ರಲ್ಲಿ ಇಂಥ ಮಕ್ಕಳು ಸುಮಾರು 1.34 ಕೋಟಿ. ಅದರಲ್ಲಿ 30 ಲಕ್ಷದಷ್ಟು ನಮ್ಮ ದೇಶದಲ್ಲೇ. ಬೇರೆ ಯಾವ ದೇಶದಲ್ಲೂ ಇಷ್ಟು ಇಲ್ಲ. ತಾಯಿಯ ರಕ್ತದೊತ್ತಡ, ಸೋಂಕು, ಅವಳಿ ಮಕ್ಕಳು, ಒಂದರ ಹಿಂದೆ ಒಂದು ಬಸುರಿ, ಕಾರಣಗಳು ಹಲವು. ಹದಿನಾರು ಹದಿನೇಳಕ್ಕೆ ಬಸುರಿಯಾಗೋದು ಕೂಡ ಒಂದು ಕಾರಣ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಇವರು ದೊಡ್ಡವರಾದ ಮೇಲೆ ಹೇಗಿರುತ್ತಾರೆ ಅನ್ನುವ ಪ್ರಶ್ನೆ ಇಷ್ಟು ತಡವಾಗಿ ಯಾಕೆ ಬಂತು? ಮೊದಲು ಅವರು ಉಳಿಯುತ್ತಲೇ ಇರಲಿಲ್ಲ. ತಾಯಿಗೆ ಹೆರಿಗೆಗೆ ಮುಂಚೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಅಂತ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ತೋರಿಸಿದ್ದು 1972ರಲ್ಲಿ. ಶ್ವಾಸಕೋಶ ಬಿಚ್ಚಿಕೊಳ್ಳಲು ಬೇಕಾದ ಸರ್ಫ್ಯಾಕ್ಟೆಂಟ್ ಔಷಧ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದದ್ದು 1990ರ ಸುಮಾರಿಗೆ. ಶ್ರೀಮಂತ ದೇಶಗಳಲ್ಲಿ 70-80ರ ದಶಕದಲ್ಲಿ ಉಳಿದ ಮಕ್ಕಳು ಈಗ ನಡುವಯಸ್ಸಿನವರು. ನಮ್ಮ ಕಡೆ ಹೀಗೆ ಉಳಿದವರು ಬಹುಪಾಲು ಈಗಷ್ಟೇ ಇಪ್ಪತ್ತು ಮೂವತ್ತರ ಆಸುಪಾಸಿನಲ್ಲಿದ್ದಾರೆ. ಕಾಲೇಜು, ಕೆಲಸ, ಮದುವೆಯ ಮಾತು ನಡೆಯುವ ವಯಸ್ಸು.

2019ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಮರೀನಾ ಮೆಂಡೋನ್ಸಾ, ಡೀಟರ್ ವೋಲ್ಕೆ ಮತ್ತು ಜೊತೆಗಾರರು ಒಂದು ದೊಡ್ಡ ಲೆಕ್ಕ ಮುಂದಿಟ್ಟರು. ಹಲವು ದೇಶಗಳಲ್ಲಿ ನಡೆದ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಎಲ್ಲ ಸೇರಿ 44 ಲಕ್ಷದವರೆಗೆ ಜನ. ಅವಧಿಗೆ ಮುಂಚೆ ಹುಟ್ಟಿದವರಿಗೆ ಪ್ರೀತಿಯ ಸಂಗಾತಿ ಸಿಗುವ ಸಾಧ್ಯತೆ ಶೇಕಡಾ 28ರಷ್ಟು ಕಡಿಮೆ, ತಂದೆತಾಯಿ ಆಗುವ ಸಾಧ್ಯತೆ ಶೇಕಡಾ 22ರಷ್ಟು ಕಡಿಮೆ. ದೈಹಿಕ ಸಂಬಂಧದ ಅನುಭವ ಇದ್ದವರೂ ಇವರಲ್ಲಿ ಸಾಕಷ್ಟು ಕಡಿಮೆ. ಎಷ್ಟು ಬೇಗ ಹುಟ್ಟಿದ್ದರೋ ಅಷ್ಟು ಹೆಚ್ಚು ವ್ಯತ್ಯಾಸ.

ಇಂಥ ಅಂಕಿ ಓದುವಾಗ ಸ್ವಲ್ಪ ನಿಧಾನ ಬೇಕು. ಶೇಕಡಾ 28 ಅಂದ ಕೂಡಲೇ ನೂರರಲ್ಲಿ 28 ಜನ ಒಂಟಿಯಾಗಿ ಉಳಿಯುತ್ತಾರೆ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ತುಂಬು ತಿಂಗಳಿಗೆ ಹುಟ್ಟಿದ ನೂರು ಜನರಲ್ಲಿ 70 ಮಂದಿಗೆ ಸಂಗಾತಿ ಇದ್ದಾರೆ ಅಂದುಕೊಳ್ಳಿ. ಇದ್ದವರು 70, ಇಲ್ಲದವರು 30. ಈ ಇದ್ದವರು-ಇಲ್ಲದವರ ಅನುಪಾತವನ್ನು ಶೇಕಡಾ 28ರಷ್ಟು ಇಳಿಸಿದರೆ ಬರುವುದು ಸುಮಾರು 63 ಮತ್ತು 37. ಅಂದರೆ ನೂರಕ್ಕೆ ಏಳು ಜನರ ವ್ಯತ್ಯಾಸ. ಲಕ್ಷಾಂತರ ಜನರ ನಡುವೆ ಅದು ದೊಡ್ಡದೇ. ಆದರೆ ನಿಮ್ಮ ಮನೆಯ ಒಬ್ಬ ಹುಡುಗನ ಹಣೆಬರಹ ಅದರಲ್ಲಿ ಇಲ್ಲ. ತಂದೆತಾಯಿ ಆಗುವ ಅಂಕಿಯನ್ನೂ ತಪ್ಪಾಗಿ ಓದಬಾರದು. ಅದು ಮಕ್ಕಳು ಇದ್ದವರ ಎಣಿಕೆ. ಮಕ್ಕಳಾಗುವ ಶಕ್ತಿ ಇಲ್ಲ ಅಂತ ಅದು ಹೇಳುವುದಿಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ. ನನಗೆ ಅದೇ ಮುಖ್ಯ ಅನ್ನಿಸಿದ್ದು. ಒಮ್ಮೆ ಗೆಳೆಯರಾದ ಮೇಲೆ, ಒಮ್ಮೆ ಸಂಗಾತಿ ಸಿಕ್ಕ ಮೇಲೆ, ಇವರ ಸಂಬಂಧಗಳು ಉಳಿದವರ ಸಂಬಂಧಗಳಷ್ಟೇ ಚೆನ್ನಾಗಿದ್ದವು. ಅಂದರೆ ಕಷ್ಟ ಇರೋದು ಹೊಸ್ತಿಲು ದಾಟುವುದರಲ್ಲಿ. ಒಳಗೆ ಬಂದ ಮೇಲೆ ಅಲ್ಲ. ದೊಡ್ಡವ್ವನಿಗೆ ಗೊತ್ತಿಲ್ಲದ ಇನ್ನರ್ಧ ಇದು.

ಹೊಸ್ತಿಲಿನಲ್ಲೇ ಯಾಕೆ ತಡೆಯುತ್ತದೆ? ಅಂಗವಿಕಲತೆ ಜಾಸ್ತಿ ಇರುವುದರಿಂದ ಇರಬಹುದು ಅಂತ ಮೊದಲು ಅನ್ನಿಸುತ್ತದೆ. ಆದರೆ ವಾರ್ವಿಕ್ ತಂಡಕ್ಕೆ ಅದೊಂದೇ ಉತ್ತರವಾಗಿ ಕಾಣಲಿಲ್ಲ. ಬಾಲ್ಯದಿಂದಲೇ ಬೇರೆ ಮಕ್ಕಳ ಜೊತೆ ಬೆರೆಯುವುದು ಕಷ್ಟವಾಗಿದ್ದರೆ ದೊಡ್ಡವರಾದ ಮೇಲೆ ಸಂಗಾತಿ ಹುಡುಕುವುದೂ ಕಷ್ಟವಾಗುತ್ತದೆ ಅನ್ನೋದು ಅವರ ವಿವರಣೆ. ಮೈಯಲ್ಲಿ ಏನೂ ಊನ ಇಲ್ಲದವರೂ ಹೀಗಿರಬಹುದು.

ಮೆದುಳಿನಿಂದ ಶುರು ಮಾಡೋಣ. ಬಸುರಿನ ಕೊನೆಯ ಮೂರು ತಿಂಗಳು ಮೆದುಳಿಗೆ ಭಾರಿ ಕೆಲಸದ ಕಾಲ. 34 ವಾರಕ್ಕೆ ಮಗುವಿನ ಮೆದುಳಿನ ತೂಕ ತುಂಬು ಮಗುವಿನದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಕೆಲವೇ ವಾರಗಳಲ್ಲಿ ಅದು ಬೆಳೆಯುತ್ತದೆ, ಮಡಿಕೆ ಬೀಳುತ್ತದೆ, ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ತಂತಿ ಎಳೆದ ಹಾಗೆ ನರಗಳು ಜೋಡಣೆಯಾಗುತ್ತವೆ. ಬೇಗ ಹುಟ್ಟಿದ ಮಗುವಿನಲ್ಲಿ ಈ ಕೆಲಸ ಬೆಚ್ಚಗಿನ ಕತ್ತಲಲ್ಲಿ ನಡೆಯುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ, ಮಷೀನಿನ ಬೀಪ್ ಸದ್ದಿನ ನಡುವೆ, ಸೂಜಿ ಚುಚ್ಚಿಸಿಕೊಳ್ಳುತ್ತ ನಡೆಯುತ್ತದೆ. ಮುಂದೆ ಇಂಥ ಮಕ್ಕಳಲ್ಲಿ ಮೂರು ಸಂಗತಿ ಒಟ್ಟಿಗೆ ಕಾಣುವುದು ಹೆಚ್ಚು: ಗಮನ ನಿಲ್ಲದಿರುವುದು, ಒಳಗೊಳಗೇ ಆತಂಕ, ಜನರ ಜೊತೆ ಬೆರೆಯಲು ಕಷ್ಟ. ಗಮನ ನಿಲ್ಲದಿರುವುದು ಅಂದರೆ ಮನೆ ತುಂಬ ಓಡಾಡಿ ಗಲಾಟೆ ಮಾಡುವ ರೀತಿಯದ್ದಲ್ಲ. ಸುಮ್ನೆ ಕೂತು ಎಲ್ಲೋ ಕಳೆದುಹೋಗುವ ರೀತಿಯದ್ದು. ಎದುರಿನವರ ಮುಖ ನೋಡಿ ಮನಸ್ಸು ಓದುವುದರಲ್ಲಿ ಒಂದು ಗಳಿಗೆ ತಡ. ಮಾತಿನಲ್ಲಿ ತಮಾಷೆ ಯಾವುದು, ಚುಚ್ಚು ಯಾವುದು ಅನ್ನೋದು ಗೊತ್ತಾಗುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ.

ಇನ್ನೊಂದು ಕಾರಣ ಆಟದ ಬಯಲಿನಲ್ಲಿದೆ. ಬೇಗ ಹುಟ್ಟಿದ ಮಕ್ಕಳಲ್ಲಿ ಕೈಕಾಲಿನ ಹೊಂದಾಣಿಕೆ ಸ್ವಲ್ಪ ಕಡಿಮೆ ಇರುವುದು ಸಾಮಾನ್ಯ. ಎತ್ತರವೂ ಸರಾಸರಿ ನೋಡಿದರೆ ತುಸು ಕಡಿಮೆ. ಕೆಲವರಿಗೆ ಚಿಕ್ಕಂದಿನಲ್ಲೇ ಕನ್ನಡಕ. ದಪ್ಪ ಕನ್ನಡಕದ, ಕ್ಯಾಚ್ ಬಿಡುವ ಹುಡುಗನನ್ನು ಕ್ರಿಕೆಟ್ ತಂಡ ಆರಿಸುವಾಗ ಕೊನೆಗೆ ಕರೆಯುತ್ತಾರೆ. ಖೊಖೊದಲ್ಲಿ ಮೊದಲು ಔಟ್ ಆಗುವವನೂ ಅವನೇ. ಹಳ್ಳಿಯ ಹುಡುಗರ ಗೆಳೆತನ ಹುಟ್ಟುವುದು ಎಲ್ಲಿ? ಅಲ್ಲೇ. ಅಲ್ಲಿ ಜಾಗ ಸಿಗದವನು ಕಟ್ಟೆಯ ಮೇಲೆ ಕೂತು ನೋಡುತ್ತಾನೆ. ಇಂಥ ಮಕ್ಕಳನ್ನು ಶಾಲೆಯಲ್ಲಿ ಕಾಡಿಸುವುದೂ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ. ಹತ್ತು ವರ್ಷ ಹೀಗೆ ಕಳೆದ ಹುಡುಗ 22ಕ್ಕೆ ಒಂದು ಹುಡುಗಿಯ ಹತ್ತಿರ ಹೋಗಿ 'ಚಹಾ ಕುಡಿಯೋಣ ಬಾ' ಅನ್ನಬೇಕು. ಎಲ್ಲಿಂದ ಬರಬೇಕು ಆ ಧೈರ್ಯ?

ಜರ್ಮನಿಯ ಬವೇರಿಯಾದಲ್ಲಿ 1985-86ರಲ್ಲಿ ತುಂಬಾ ಬೇಗ ಹುಟ್ಟಿದ ಮಕ್ಕಳನ್ನು ವೋಲ್ಕೆ ತಂಡ ಹುಟ್ಟಿನಿಂದಲೂ ಬೆನ್ನು ಹತ್ತಿ ನೋಡುತ್ತಿದೆ. 26ನೇ ವಯಸ್ಸಿಗೆ ಅವರಲ್ಲಿ ಕಂಡದ್ದು ಒಳಗೆ ಸರಿದ ಸ್ವಭಾವ. ಚಿಂತೆ ಜಾಸ್ತಿ, ಅಪಾಯದ ಕೆಲಸಕ್ಕೆ ಕೈ ಹಾಕುವುದು ಕಮ್ಮಿ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೊರೀನ್ ಹ್ಯಾಕ್ 1977-79ರಲ್ಲಿ ಒಂದೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರನ್ನು ಇಪ್ಪತ್ತರ ವಯಸ್ಸಿನಲ್ಲಿ ನೋಡಿದರು. ಓದಿನಲ್ಲಿ ಸ್ವಲ್ಪ ಹಿಂದೆ, ನಿಜ. ಆದರೆ ಕುಡಿತ, ಮಾದಕ ವಸ್ತುಗಳ ಚಟ ಇವರಲ್ಲಿ ಬೇರೆಯವರಿಗಿಂತ ಕಡಿಮೆ. ಏಳು ತಿಂಗಳಿಗೆ ಹುಟ್ಟಿದವರ ಅವಸರದ ಬಗ್ಗೆ ನಮ್ಮ ಗಾದೆಯ ಮಾತು ಇಲ್ಲಿ ತಲೆಕೆಳಗಾಗುತ್ತದೆ.

ಕೆನಡಾದ ಹ್ಯಾಮಿಲ್ಟನ್ನಿನ ಸರೋಜ್ ಸೈಗಲ್ ಅವರ ಕೆಲಸ ಇನ್ನೂ ಕುತೂಹಲದ್ದು. ಅವರು ನೋಡಿದ್ದು ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರನ್ನು. ಇಪ್ಪತ್ತರ ಮೊದಲ ಭಾಗದಲ್ಲಿ ಓದು, ಕೆಲಸ, ಮದುವೆ ಎಲ್ಲದರಲ್ಲೂ ಅವರು ಉಳಿದವರಿಗೆ ಹೆಚ್ಚುಕಡಿಮೆ ಸಮ ಇದ್ದರು. ಎಲ್ಲರಿಗೂ ಖುಷಿ. ಮತ್ತೆ ಮೂವತ್ತರ ವಯಸ್ಸಿನಲ್ಲಿ ನೋಡಿದಾಗ ವ್ಯತ್ಯಾಸ ಎದ್ದು ಕಂಡಿತು. ಒಂಟಿಯಾಗಿದ್ದವರು ಹೆಚ್ಚು, ಗಳಿಕೆ ಕಡಿಮೆ. ಇಪ್ಪತ್ತೆರಡಕ್ಕೆ ಎಲ್ಲರೂ ಒಂಟಿಯೇ ಇರುವಾಗ ಯಾರು ಹಿಂದೆ ಬಿದ್ದರು ಅಂತ ಗೊತ್ತಾಗುವುದಿಲ್ಲ. ಜೊತೆಯವರು ಹಸೆಮಣೆ ಏರಿದ ಮೇಲೆ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇವೆಲ್ಲ ಹೆಚ್ಚಾಗಿ ಯುರೋಪು, ಉತ್ತರ ಅಮೆರಿಕದ ಲೆಕ್ಕ. ಅಲ್ಲಿ ಸಂಗಾತಿಯನ್ನು ತಾನೇ ಹುಡುಕಿಕೊಳ್ಳಬೇಕು. ನಮ್ಮಲ್ಲಿ ಆ ಹೊಸ್ತಿಲನ್ನು ಕಾಕಾ, ಮಾಮಾ, ಸೋದರತ್ತೆ ಸೇರಿ ದಾಟಿಸುತ್ತಾರೆ. ಹಾಗಾದರೆ ನಮ್ಮ ಪದ್ಧತಿಯೇ ವಾಸಿ ಅಲ್ಲವೇ ಅಂತ ನನಗೂ ಮೊದಲು ಅನ್ನಿಸಿತ್ತು. ಒಂದು ಮಟ್ಟಿಗೆ ನಿಜ. ಶುರು ಮಾಡುವ ಭಾರವನ್ನು ಮನೆ ಹೊರುತ್ತದೆ. ಶುರುವಾದ ಮೇಲೆ ಇವರು ಚೆನ್ನಾಗಿ ನಡೆಸಬಲ್ಲರು ಅನ್ನೋದನ್ನು ಆಗಲೇ ನೋಡಿದೆವು.

ಆದರೆ ಕನ್ಯಾ ನೋಡುವ ಶಾಸ್ತ್ರ ಹೇಗೆ ನಡೆಯುತ್ತದೆ ನೋಡಿ. ಗುರುತಿಲ್ಲದ ಮನೆ. ಹತ್ತು ಹನ್ನೆರಡು ಜನ ಹಿರಿಯರು. ತಾಟಿನಲ್ಲಿ ಅವಲಕ್ಕಿ, ಚಹಾ. ಆಮೇಲೆ 'ಇಬ್ಬರೂ ಮಾತಾಡ್ರಿ' ಅಂತ ಒಂದು ಕೋಣೆಗೆ ಕಳಿಸುತ್ತಾರೆ. ಹತ್ತು ನಿಮಿಷ. ಹೊರಗೆ ಅರ್ಧ ತೆರೆದ ಬಾಗಿಲ ಹತ್ತಿರ ಯಾರದೋ ಕಿವಿ. ಮುಖ ಓದಲು ಒಂದು ಗಳಿಗೆ ಹೆಚ್ಚು ಬೇಕಾದವನಿಗೆ, ಗಲಾಟೆಯಲ್ಲಿ ಗಮನ ಜಾರುವವನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಒಳ್ಳೆ ಮಾತುಗಾರ ಪಾಸಾಗುತ್ತಾನೆ. ಅವನು ಒಳ್ಳೆ ಗಂಡನಾಗುತ್ತಾನೆ ಅಂತ ಏನೂ ಇಲ್ಲ, ಅದು ಬೇರೆ ಮಾತು.

ಇನ್ನೊಂದು ತೊಡಕು ಇದೆ. ನಮ್ಮ ಮನೆಗಳಲ್ಲಿ ಒಳಗೆ ಸರಿದ ಸ್ವಭಾವಕ್ಕೆ ಒಂದು ಚಂದದ ಹೆಸರಿದೆ: 'ಭಾಳ ಸಂಭಾವಿತ.' ಹುಡುಗಿಯಾದರೆ ಇನ್ನೂ ಮೆಚ್ಚುಗೆ. ಎದುರು ಮಾತಾಡುವುದಿಲ್ಲ, ಗೆಳತಿಯರ ಮನೆಗೆ ಹೋಗುವುದಿಲ್ಲ, ತನ್ನ ಪಾಡಿಗೆ ತಾನು ಇರುತ್ತಾಳೆ. ಅವಳಿಗೆ ಗೆಳತಿಯರೇ ಇಲ್ಲ ಅನ್ನೋದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಲಾಟೆ ಮಾಡುವ ಮಗುವಿನ ಬಗ್ಗೆ ಮಾಸ್ತರರು ಮನೆಗೆ ಹೇಳಿ ಕಳಿಸುತ್ತಾರೆ. ಸುಮ್ಮನಿರುವ ಮಗುವಿಗೆ ಶಾಭಾಸ್ ಅನ್ನುತ್ತಾರೆ. ನಮ್ಮ ಹುಡುಗನಿಗೂ ಹಾಗೇ ಆಯಿತು. ಹತ್ತನೇ ತರಗತಿಯವರೆಗೆ ಅವನನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅವನ ಹುಟ್ಟುಹಬ್ಬಕ್ಕೆ ಶಾಲೆಯ ಒಬ್ಬ ಗೆಳೆಯನೂ ಮನೆಗೆ ಬಂದದ್ದು ನನಗೆ ನೆನಪಿಲ್ಲ. ನಾವ್ಯಾರೂ ಅದನ್ನು ಗಮನಿಸಲೂ ಇಲ್ಲ.

ತಾಯಂದಿರ ವಿಷಯ ಹೇಳಲು ಮನಸ್ಸು ಹಿಂಜರಿಯುತ್ತದೆ. ಒಂದು ತಿಂಗಳು ಗಾಜಿನಾಚೆ ನಿಂತು, ಇವತ್ತು ಉಳಿಯಿತು, ನಾಳೆ ಉಳಿದೀತೇ ಅಂತ ಎಣಿಸಿದವಳು ಮುಂದೆ ಆ ಮಗುವನ್ನು ಬಿಸಿಲಿಗೆ, ಮಳೆಗೆ, ಬೀದಿಗೆ ಬಿಡುವುದು ಸುಲಭವಲ್ಲ. ನನ್ನ ಅಕ್ಕ ಮಗನಿಗೆ ಸೈಕಲ್ ಕೊಡಿಸಿದ್ದು ಅವನು ಎಂಟನೇ ತರಗತಿಗೆ ಬಂದಾಗ. ಕಾಲೇಜಿನ ಬಾದಾಮಿ ಪ್ರವಾಸಕ್ಕೆ ಕಳಿಸಲಿಲ್ಲ. ಬಾಗಲಕೋಟೆಯಿಂದ ಬಾದಾಮಿ ಎಷ್ಟು ದೂರ ಹೇಳಿ! ತಪ್ಪು ಅಂತ ನಾನು ಹೇಳಲಾರೆ. ಆದರೆ ಹೆದರಿಕೆ ಮನೆಯಿಂದಲೂ ಅಂಟುತ್ತದೆ.

ಅದೇ ಕೂಡುಕುಟುಂಬದಲ್ಲಿ ಔಷಧವೂ ಇದೆ. ಮದುವೆ ಮನೆಯಲ್ಲಿ ಬಡಿಸಲು ಬಕೆಟ್ಟು ಕೈಗೆ ಕೊಡುವುದು, ಕಿರಾಣಿ ಅಂಗಡಿಗೆ ಒಬ್ಬನನ್ನೇ ಕಳಿಸುವುದು, ಜಾತ್ರೆಯಲ್ಲಿ ಅಣ್ಣತಮ್ಮಂದಿರ ಜೊತೆ ರಾತ್ರಿ ನಾಟಕಕ್ಕೆ ಬಿಡುವುದು. ಎದುರು ಬದುರು ಕೂತು ಮಾತಾಡುವುದು ಕಷ್ಟವಾದವರಿಗೆ ಪಕ್ಕಪಕ್ಕ ನಿಂತು ಕೆಲಸ ಮಾಡುವಾಗ ಮಾತು ತಾನೇ ಬರುತ್ತದೆ. ನಾನು ಕಂಡ ಹಾಗೆ ನಮ್ಮ ಹುಡುಗನ ಇಬ್ಬರೇ ಇಬ್ಬರು ಗೆಳೆಯರು ಸಿಕ್ಕಿದ್ದು ದಾಸೋಹದ ಸಾಲಿನಲ್ಲಿ ತಾಟು ತೊಳೆಯುವಾಗ. ಆ ಗೆಳೆತನಕ್ಕೆ ಈಗ ಒಂಬತ್ತು ವರ್ಷ.

ಹುಟ್ಟಿದ ಕೂಡಲೇ ಮಾಡಬಹುದಾದದ್ದೂ ಇದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ಡಾಕ್ಟರು ಪುಟ್ಟ ಮಗುವನ್ನು ಬರಿ ಮೈಯಲ್ಲಿ ತಾಯಿಯ ಎದೆಗೆ ಕಟ್ಟುವ ಪದ್ಧತಿ ಶುರು ಮಾಡಿದರು. ಮಗುವನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಸಾಲದೆ ಹುಟ್ಟಿದ ಉಪಾಯ ಅದು. ಈಗ ಕಾಂಗರೂ ಆರೈಕೆ ಅನ್ನುತ್ತಾರೆ. ಹಾಗೆ ಬೆಳೆದ ಮಕ್ಕಳನ್ನು 20 ವರ್ಷದ ಮೇಲೆ ನೋಡಿದಾಗ ಸಿಟ್ಟು, ಚಡಪಡಿಕೆ ಕಡಿಮೆ ಇತ್ತು. ಅದರ ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಹಬ್ಬಿಸುವ ಕೆಲಸ ನಡೆದಿದೆ. ಅಪ್ಪನೂ ಎದೆಗೆ ಕಟ್ಟಿಕೊಳ್ಳಬಹುದು. ನಮ್ಮ ಕಡೆ ಗಂಡಸರು ಅದಕ್ಕೆ ನಾಚುತ್ತಾರೆ, ಸುಮ್ನೆ.

ಬೆಳಗಾವಿಗೆ ಈ ವಿಷಯದಲ್ಲಿ ಜಗತ್ತಿನ ನಕ್ಷೆಯಲ್ಲಿ ಜಾಗ ಇದೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಚೊಚ್ಚಲ ಬಸುರಿಯರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟು ನೋಡಿದ ಆರು ದೇಶಗಳ ಪ್ರಯೋಗದಲ್ಲಿ ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ ಇತ್ತು. ಸುಮಾರು 12 ಸಾವಿರ ಹೆಣ್ಣುಮಕ್ಕಳು ಅದರಲ್ಲಿದ್ದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಬೇಗ ಹೆರಿಗೆಯಾಗುವುದು ಶೇಕಡಾ 13.1ರಿಂದ 11.6ಕ್ಕೆ ಇಳಿದಿತ್ತು. (ಡಾಕ್ಟರು ಹೇಳದೆ ಯಾರೂ ಈ ಗುಳಿಗೆ ನುಂಗಬೇಡಿ.) ಇಂಥ ಕೆಲಸಕ್ಕೆ ಕೈಮುಗಿಯಬೇಕು. ಆದರೆ ಗಮನಿಸಿ, ಎಣಿಕೆಯೆಲ್ಲ ಹುಟ್ಟಿನ ಸುತ್ತಲೇ ನಿಲ್ಲುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯವರು 1987-89ರಲ್ಲಿ ಹುಟ್ಟಿದ ಕಡಿಮೆ ತೂಕದ ಮಕ್ಕಳನ್ನು 18 ವರ್ಷದವರೆಗೆ ನೋಡಿದ್ದು ನಮ್ಮ ದೇಶದಲ್ಲಿ ದೊಡ್ಡ ಮಾತು. 2013ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ 18ಕ್ಕೆ ಮುಗಿಯುತ್ತದೆ. ಹೊಸ್ತಿಲು ಶುರುವಾಗುವುದೇ ಆಮೇಲೆ.

ಬೀಗರಾಗುವವರಿಗೆ ಇದನ್ನು ಹೇಳಬೇಕೇ? ಕೇಳಿದವರಿಗೆ ನಾನು ಹೇಳುವುದು ಇಷ್ಟೇ. ಬೇಗ ಹುಟ್ಟಿದ್ದು ಬಚ್ಚಿಡುವ ರೋಗವಲ್ಲ. ಡಂಗುರ ಹೊಡೆಯುವ ಸುದ್ದಿಯೂ ಅಲ್ಲ. ಆದರೆ ಮದುವೆಯಾಗುವ ಇಬ್ಬರ ನಡುವೆ ಆ ಮಾತು ಬಂದರೆ ಒಳ್ಳೆಯದು. ಗಂಡ ಸುಮ್ಮನಿದ್ದರೆ ಸಿಟ್ಟು ಅಂತ ತಿಳಿಯಬಾರದು, ಹೆಂಡತಿ ಮದುವೆ ಮನೆಯ ಗದ್ದಲದಿಂದ ಒಳಕೋಣೆಗೆ ಹೋದರೆ ಸೊಕ್ಕು ಅಂತ ತಿಳಿಯಬಾರದು. ಬೇಕಾದ್ದನ್ನು ಬಾಯಿಬಿಟ್ಟು ಕೇಳಿದರೆ ಸಾಕು, ಮುಖ ನೋಡಿ ತಿಳಿದುಕೊಳ್ಳಲಿ ಅಂತ ಕಾಯಬಾರದು. ಡಾಕ್ಟರಿಗಂತೂ ಹೇಳಲೇಬೇಕು. ಬೇಗ ಹುಟ್ಟಿದವರಲ್ಲಿ ಮುಂದೆ ರಕ್ತದೊತ್ತಡ ಸ್ವಲ್ಪ ಹೆಚ್ಚಿರುವುದುಂಟು. ಬೇಗ ಹುಟ್ಟಿದ ಹೆಣ್ಣುಮಗಳು ಬಸುರಿಯಾದರೆ ಅವಳ ಹೆರಿಗೆಯೂ ಬೇಗ ಆಗುವ ಸಾಧ್ಯತೆ ತುಸು ಜಾಸ್ತಿ.

ಹೇಳಬೇಕಾದರೆ ಮೊದಲು ಅವರಿಗೇ ಗೊತ್ತಿರಬೇಕಲ್ಲ. ನಮ್ಮ ಹುಡುಗನಿಗೆ 'ಏಳ್ ತಿಂಗಳ ಕೂಸು' ಅನ್ನೋದೊಂದೇ ಗೊತ್ತಿತ್ತು. ಈ ದೀಪಾವಳಿಗೆ ನಾನು ಅಕ್ಕನನ್ನು ಕಾಡಿ ಟ್ರಂಕು ತೆಗೆಸಿದೆ. ಇಳಕಲ್ ಸೀರೆಗಳ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಆಸ್ಪತ್ರೆಯ ಕಾರ್ಡು ಇತ್ತು. ಊರಿನ ಹೆಸರು ಇನ್ನೂ ಬಿಜಾಪುರ ಅಂತ ಅಚ್ಚಾಗಿತ್ತು. 30 ವಾರ, 1,280 ಗ್ರಾಂ, 41 ದಿನ. ಅವನು ಅದನ್ನು ಎರಡು ಸಲ ಓದಿದ. 'ಇದನ್ನ ಮೊದಲ ಯಾಕ ತೋರಿಸಲಿಲ್ಲವ್ವ?' ಅಂದ. ಅಕ್ಕ, 'ಏನ್ ತೋರಿಸೋದಪಾ ಅದರಾಗ' ಅಂತ ಒಲೆಯ ಕಡೆ ಹೋದಳು. ಮುಂದಿನ ಐತವಾರ ಆಲಮಟ್ಟಿಯಲ್ಲಿ ಒಂದು ಹುಡುಗಿಯನ್ನು ಅವನು ಎರಡನೇ ಸಲ ನೋಡುವುದಿತ್ತು. ಈ ಸಲ ಹಿರಿಯರು ಬೇಡ, ಉದ್ಯಾನದಲ್ಲಿ ಇಬ್ಬರೇ ಅಡ್ಡಾಡಿ ಬರಲಿ ಅಂತ ನಾನೇ ಹಟ ಹಿಡಿದಿದ್ದೆ. ಅವನು ಕಾರ್ಡಿನ ಫೋಟೋ ತೆಗೆದುಕೊಂಡು, ಅದನ್ನು ಮೊದಲಿದ್ದ ಹಾಗೇ ಮಡಚಿ ಚೀಲಕ್ಕೆ ಹಾಕಿದ.